ಪ್ರೊಬಯಾಟಿಕ್ ಬ್ಯಾಕ್ಟೀರಿಯಾಗೆ ಹೊದಿಕೆ ಏಕೆ, ಬಿಸಿ ಕಾಫಿ ಏಕೆ ಬೇಡ

ಪ್ರಶ್ನೆ: ಅತ್ತೆಯವರಿಗೆ 78 ವರ್ಷ. ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಭೇದಿ ಶುರುವಾಯಿತು. ವೈದ್ಯರು ಪ್ರೊಬಯಾಟಿಕ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ. ಡಬ್ಬಿಯ ಮೇಲೆ ‘ಮೈಕ್ರೊಎನ್‌ಕ್ಯಾಪ್ಸುಲೇಟೆಡ್’ ಎಂದಿದೆ. ಅವರಿಗೆ ನುಂಗಲು ಆಗುವುದಿಲ್ಲ. ಬಿಚ್ಚಿ ಬೆಲ್ಲದ ಕಾಫಿಗೆ ಬೆರೆಸಿ ಕೊಡುತ್ತಿದ್ದೇನೆ. ಸರಿಯೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬಿಚ್ಚಿದ್ದು ಸರಿಯಿರಬಹುದು, ಕಾಫಿಗೆ ಬೆರೆಸಿದ್ದು ಮಾತ್ರ ತಪ್ಪು. ಪ್ರೊಬಯಾಟಿಕ್ ಎಂದರೆ ದೇಹಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣುಗಳು. ಅವುಗಳಲ್ಲಿ ಲ್ಯಾಕ್ಟೊಬ್ಯಾಸಿಲಸ್, ಬಿಫಿಡೊಬ್ಯಾಕ್ಟೀರಿಯಂ ಜಾತಿಯ ಬ್ಯಾಕ್ಟೀರಿಯಾ 60 ಡಿಗ್ರಿ ದಾಟಿದ ಬಿಸಿಯಲ್ಲಿ ಹೆಚ್ಚು ಹೊತ್ತು ಬದುಕುವುದಿಲ್ಲ. ನಮ್ಮಲ್ಲಿ ಹಬೆಯಾಡದ ಕಾಫಿಯನ್ನು ಯಾರೂ ಕಾಫಿ ಎನ್ನುವುದಿಲ್ಲವಲ್ಲ! ಹೊಟ್ಟೆಯ ಆಮ್ಲದ ಸರದಿ ಬರುವ ಮೊದಲೇ ಲೋಟದಲ್ಲಿ ಅವುಗಳ ಕಥೆ ಮುಗಿದಿರುತ್ತದೆ.

‘ಮೈಕ್ರೊಎನ್‌ಕ್ಯಾಪ್ಸುಲೇಟೆಡ್’ ಎಂದರೆ ಬ್ಯಾಕ್ಟೀರಿಯಾಗೆ ಸೂಕ್ಷ್ಮ ಹೊದಿಕೆ ಹಾಕಿದ್ದು. ಹೊದಿಕೆ ಇದ್ದರೂ ಹೀಗೇಕೆ ಎಂದು ನೀವು ಕೇಳಬಹುದು. ಅದನ್ನು ಮಾಡಿರುವುದು ಬೇರೆ ಅಪಾಯಕ್ಕಾಗಿ. ಖಾಲಿ ಹೊಟ್ಟೆಯ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ತೀಕ್ಷ್ಣ) ಸುಮಾರು 1.5ರಿಂದ 3ರವರೆಗೆ ಇರುತ್ತದೆ. ಅದನ್ನು ದಾಟಿದವುಗಳಿಗೆ ಸಣ್ಣ ಕರುಳಿನಲ್ಲಿ ಪಿತ್ತರಸ ಕಾದಿರುತ್ತದೆ, ಅದು ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಕರಗಿಸಬಲ್ಲದು. ಇವೆರಡರಿಂದ ಕಾಪಾಡಲು ಹಲವು ವಿಧಾನಗಳಿವೆ. ಪ್ರಯೋಗಾಲಯಗಳಿಗೆ ಪ್ರಿಯವಾದದ್ದು ಕಂದು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್. ಅದರ ದ್ರಾವಣಕ್ಕೆ ಬ್ಯಾಕ್ಟೀರಿಯಾ ಬೆರೆಸಿ, ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿಗೆ ಹನಿಹನಿಯಾಗಿ ಬಿಟ್ಟರೆ, ಬೆಂದ ಸಾಬಕ್ಕಿಯಂಥ ಮಣಿಗಳು ಕಟ್ಟಿಕೊಳ್ಳುತ್ತವೆ. ಆಮ್ಲದಲ್ಲಿ ಈ ಮಣಿ ಮುದುಡಿ ಬಿಗಿಯಾಗುತ್ತದೆ. ಕರುಳಿನ ತಟಸ್ಥ ದ್ರವ ತಗುಲಿದಾಗ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಆದರೆ ಅದರ ಮೈತುಂಬ ಸೂಕ್ಷ್ಮ ರಂಧ್ರಗಳು, ಆಮ್ಲ ನಿಧಾನವಾಗಿ ಒಳಗೆ ಇಳಿಯುತ್ತದೆ. ಆದ್ದರಿಂದ ಮೇಲೆ ಕೈಟೊಸಾನ್ ಅಥವಾ ಹಾಲಿನ ಪ್ರೋಟೀನಿನ ಇನ್ನೊಂದು ಪದರ ಹಾಕುವುದುಂಟು. ಕೈಟೊಸಾನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ, ಶುದ್ಧ ಸಸ್ಯಾಹಾರಿಗಳು ಡಬ್ಬಿಯ ಮೇಲಿನ ಗುರುತು ನೋಡಿಕೊಳ್ಳಲಿ. ಕೊಬ್ಬಿನ ಪದರ ಕೊಡುವ ಕಂಪನಿಗಳೂ ಇವೆ. ಬಿಸಿ ಕಾಫಿಯಲ್ಲಿ ಆ ಪದರ ಕರಗಿಹೋಗುತ್ತದೆ.

ಇನ್ನು ಬಿಚ್ಚುವ ವಿಚಾರ. ರಕ್ಷಣೆ ಒಳಗಿನ ಒಂದೊಂದು ಕಣಕ್ಕೂ ಇದ್ದರೆ ಕ್ಯಾಪ್ಸೂಲ್ ತೆರೆದು, ತಣ್ಣನೆಯ ಮೊಸರಿಗೋ ಆರಿದ ಗಂಜಿಗೋ ಉದುರಿಸಿ ಕೊಡಬಹುದು. ಅರೆಯಬಾರದು, ಅಗಿಯದೆ ನುಂಗಲು ಹೇಳಿ. ಆಮ್ಲ ತಡೆಯುವ ಲೇಪ ಕ್ಯಾಪ್ಸೂಲಿನ ಚಿಪ್ಪಿಗೇ ಇದ್ದರೆ, ತೆರೆದ ಕ್ಷಣ ಆ ರಕ್ಷಣೆ ಹೋಯಿತು. ನಿಮ್ಮದು ಯಾವ ಬಗೆ ಎಂದು ಔಷಧ ಅಂಗಡಿಯಲ್ಲಿ ಕೇಳಿ. ಊಟದ ಜೊತೆ ಕೊಡುವುದು ಒಳ್ಳೆಯದು, ಆಹಾರ ಬಿದ್ದಾಗ ಹೊಟ್ಟೆಯ ಆಮ್ಲದ ಕಾವು ಸ್ವಲ್ಪ ಹೊತ್ತು ಇಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಜಾಹೀರಾತುಗಳು ಹೇಳುವುದಿಲ್ಲ. ಹೊದಿಕೆಯಿಂದ ಆಂಟಿಬಯಾಟಿಕ್ ವಿರುದ್ಧ ರಕ್ಷಣೆ ಸಿಗದು. ಕರುಳಿನಲ್ಲಿ ಹೊದಿಕೆ ಬಿಚ್ಚಿದ ಮೇಲೆ ಬ್ಯಾಕ್ಟೀರಿಯಾ ಅದೇ ಔಷಧವನ್ನು ಎದುರಿಸಬೇಕು. ಎರಡರ ನಡುವೆ ಎರಡು ಗಂಟೆ ಅಂತರವಿರಲಿ ಎಂದು ವೈದ್ಯರು ಹೇಳುವುದು ಇದಕ್ಕೇ. ಅತ್ತೆಯವರಿಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಚಿಕಿತ್ಸೆ ನಡೆಯುತ್ತಿದ್ದರೆ ಪ್ರೊಬಯಾಟಿಕ್ ಮುಂದುವರಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಭೇದಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕ್ಯಾಪ್ಸೂಲ್ ನಂಬಿ ಕೂರಬೇಡಿ.

ಪ್ರಶ್ನೆ: ಕಕ್ಕಡದ ಮಳೆಯಲ್ಲಿ ನಮ್ಮ ಮನೆಯಲ್ಲಿ ಉಪ್ಪೂ ನೀರಾಗುತ್ತದೆ. ಪ್ರೊಬಯಾಟಿಕ್ ಪುಡಿಯನ್ನು ಫ್ರಿಜ್‌ನಲ್ಲಿಡಬೇಕೇ? ಕರೆಂಟು ದಿನಗಟ್ಟಲೆ ಇರುವುದಿಲ್ಲ.
– ಭಾಗಮಂಡಲ ಸಮೀಪದ ಓದುಗರು

ಉತ್ತರ: ನಿಮ್ಮ ಊರಿನಲ್ಲಿ ಆಮ್ಲಕ್ಕಿಂತ ತೇವವೇ ದೊಡ್ಡ ಶತ್ರು. ಒಣಗಿಸಿದ ಬ್ಯಾಕ್ಟೀರಿಯಾ ಸುಪ್ತಾವಸ್ಥೆಯಲ್ಲಿರುತ್ತವೆ. ಪುಡಿ ತೇವ ಹೀರಿದರೆ ಅವು ಅರೆಬರೆ ಎಚ್ಚೆತ್ತು, ಸಾಯಲು ಶುರುವಾಗುತ್ತವೆ. ಮೂಲ ಡಬ್ಬಿಯಲ್ಲೇ ಇಡಿ, ಒಳಗಿನ ತೇವ ಹೀರುವ ಪುಟ್ಟ ಚೀಲವನ್ನು ಎಸೆಯಬೇಡಿ. ಮಳೆಗಾಲದಲ್ಲಿ ಒಂದೊಂದಾಗಿ ಮುಚ್ಚಿದ ಪೊಟ್ಟಣಗಳನ್ನೇ ಕೊಳ್ಳುವುದು ಜಾಣತನ. ಲೇಬಲ್ ಹೇಳಿದರಷ್ಟೇ ಫ್ರಿಜ್. ಹಾಗೆ ಇಟ್ಟ ಡಬ್ಬಿಯನ್ನು ಹೊರಗೆ ತೆಗೆದ ಕೂಡಲೇ ತೆರೆದರೆ ತಣ್ಣನೆಯ ಪುಡಿಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ.

ಕರೆಂಟು ನಂಬಲಾಗದ ಮನೆಗೆ ಬೀಜಕ ರೂಪದ ಬ್ಯಾಕ್ಟೀರಿಯಾ ವಾಸಿ. ಬ್ಯಾಸಿಲಸ್ ಕ್ಲಾಸಿಯೈ, ಬ್ಯಾಸಿಲಸ್ ಕೊಯಾಗುಲನ್ಸ್‌ ತಮ್ಮ ಗಟ್ಟಿ ಕವಚವನ್ನು ತಾವೇ ಕಟ್ಟಿಕೊಳ್ಳುತ್ತವೆ, ಬಿಸಿಯನ್ನೂ ಆಮ್ಲವನ್ನೂ ಚೆನ್ನಾಗಿ ತಡೆಯುತ್ತವೆ. ಕ್ಲಾಸಿಯೈ ನೀರಿನ ರೂಪದ ಪುಟ್ಟ ಬಾಟಲಿಗಳಲ್ಲೂ ಮಾರಾಟವಾಗುತ್ತದೆ. ಆದರೆ ಒಂದು ತಳಿಯ ಕೆಲಸವನ್ನು ಇನ್ನೊಂದು ಮಾಡುತ್ತದೆ ಎಂದುಕೊಳ್ಳಬೇಡಿ, ವೈದ್ಯರು ಬರೆದದ್ದನ್ನು ಅವರನ್ನು ಕೇಳದೆ ಬದಲಿಸಬಾರದು.

ಪ್ರಶ್ನೆ: ಇಷ್ಟೆಲ್ಲ ದುಡ್ಡು ಸುರಿಯುವ ಬದಲು ಮನೆಯ ಮೊಸರು, ಹುಳಿ ಬಂದ ಬೈಂಬಳೆ (ಎಳೆ ಬಿದಿರು) ಸಾಲದೇ?
– ವಿರಾಜಪೇಟೆಯ ಓದುಗರು

ಉತ್ತರ: ಆರೋಗ್ಯವಂತರಿಗೆ ಮೊಸರು ಸಾಕು, ಹೊದಿಕೆಗಾಗಿ ದುಡ್ಡು ಕೊಡಬೇಕಿಲ್ಲ. ಆದರೆ ಕಾಯಿಲೆಗೆಂದು ಕೊಡುವ ಪ್ರೊಬಯಾಟಿಕ್‌ನಲ್ಲಿ ಯಾವ ತಳಿ, ಎಷ್ಟು ಎಂಬ ಲೆಕ್ಕವಿರಬೇಕು. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಕೊಟ್ಟ ವ್ಯಾಖ್ಯೆಯೂ ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು ಎಂದೇ ಹೇಳುತ್ತದೆ. ನಿಮ್ಮ ಹೆಪ್ಪಿನಲ್ಲಿ ಯಾವ ತಳಿ ಇದೆಯೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಬೈಂಬಳೆಯನ್ನು ರುಚಿಗಾಗಿ ತಿನ್ನಿ. ಹುಳಿ ಬರುವಾಗ ಅದರಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಬೆಳೆಯುವುದು ನಿಜ, ಒಲೆಯ ಮೇಲೆ ಕುದಿದಾಗ ಅವು ಉಳಿಯುವುದಿಲ್ಲ. ಹಾಗೆಂದು ಹಸಿಯಾಗಿ ತಿನ್ನುವ ಸಾಹಸ ಬೇಡ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶವಿದೆ, ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಬೇಯಿಸಿದ ಮೇಲೆಯೇ ತಿನ್ನಬೇಕು.