ಏಜೆಂಟ್ ಕೈಗೆ ಸುಡೋ ಕೊಟ್ಟು ಮಲಗಬೇಡಿ ಬ್ರದರ್

ನಿಮ್ಮ ಪೋಸ್ಟ್ ಓದಿ ಎದೆ ಝಲ್ಲೆಂದಿತು. ಕೋಲಾರದ ಟೊಮೆಟೊ ಮಂಡಿಯ ಬಿಲ್ಲಿಂಗ್ ಸರ್ವರ್, ಉಬುಂಟು 22.04. ಭದ್ರತಾ ದೋಷ ಹುಡುಕುವ ಸ್ಕ್ಯಾನರ್ ರಿಪೋರ್ಟಿನಲ್ಲಿ ಮುನ್ನೂರು ಚಿಲ್ಲರೆ ಸಾಲು. ಅದನ್ನು ಎಐ ಏಜೆಂಟ್‌ಗೆ ಕೊಟ್ಟು, ಸಿವಿಎಸ್‌ಎಸ್ ಅಂಕದ (ದೋಷ ಎಷ್ಟು ತೀವ್ರ ಅಂತ 10ಕ್ಕೆ ಕೊಡುವ ಅಂಕ) ಪ್ರಕಾರ ರಿಪೇರಿ ಪ್ಲ್ಯಾನ್ ಮಾಡಿಸಿ, ಸುಡೋನೂ (ಸರ್ವರಿನಲ್ಲಿ ಏನು ಬೇಕಾದರೂ ಬದಲಿಸುವ ಅಧಿಕಾರ) ಕೊಟ್ಟು, ಶನಿವಾರ ರಾತ್ರಿ 2ಕ್ಕೆ ತಾನೇ ಓಡಲಿ ಅಂತ ಬಿಟ್ಟಿದ್ದೀರಿ. ಮೊದಲ ಸಾಲೇ "ಓಪನ್‌ಎಸ್‌ಎಸ್‌ಎಚ್ 8.9 ಅನ್ನು ಸೋರ್ಸ್‌ನಿಂದ 9.8ಕ್ಕೆ ಏರಿಸಿ". ಅಂದರೆ ದೂರದಿಂದ ಸರ್ವರಿಗೆ ಲಾಗಿನ್ ಆಗುವ ಪ್ರೋಗ್ರಾಮನ್ನೇ, ಉಬುಂಟು ಪ್ಯಾಕೇಜ್ ಬಿಟ್ಟು, ಮೂಲ ಕೋಡಿನಿಂದ ಹೊಸದಾಗಿ ಕಟ್ಟುವುದು. ಆ ಸಾಲನ್ನು ಈಗಲೇ ಅಳಿಸಿ.

ಹೋದ ವರ್ಷ ನಾನು ಇದೇ ಹಳ್ಳಕ್ಕೆ ಬಿದ್ದಿದ್ದೆ. ತುಮಕೂರು ಹತ್ತಿರದ ವಸಂತನರಸಾಪುರದ ಒಂದು ಬಿಡಿಭಾಗದ ಫ್ಯಾಕ್ಟರಿ, ಇದೇ 22.04. ಏಜೆಂಟ್ ಬ್ಯಾನರ್ (ಸರ್ವರ್ ಹೊರಗಿನವರಿಗೆ ಹೇಳುವ ತನ್ನ ಆವೃತ್ತಿ) ನೋಡಿತು, 8.9 ಅಂತ ಓದಿತು, ರೆಗ್ರೆಎಸ್‌ಎಸ್‌ಎಚ್ ಅನ್ನೋ ದೋಷ ಇದೆ ಅಂದಿತು. ಅದರ ಸಿವಿಇ, ಅಂದರೆ ದೋಷಗಳ ಪಟ್ಟಿಯ ನಂಬರ್, ಸಿವಿಇ-2024-6387; ಆವೃತ್ತಿ 9.8ರಲ್ಲಿ ಸರಿಹೋಗಿದ್ದು. ಅಷ್ಟು ನಿಜ. ಆದರೆ ಉಬುಂಟುನವರು ಆ ಫಿಕ್ಸನ್ನು 8.9ಕ್ಕೇ ತಂದು ಹಾಕಿದ್ದರು. ಆವೃತ್ತಿ ಸಂಖ್ಯೆಯ ಕೊನೆಗೆ 3ಉಬುಂಟು0.10 ಅನ್ನೋ ಬಾಲ ಇದ್ದರೆ ಅದು ಸೇರಿದೆ ಅಂತಲೇ ಅರ್ಥ. ನಮ್ಮದರಲ್ಲಿ ಆ ಬಾಲ ಇತ್ತು! ನೋಡಿದವರು ಯಾರು? ಕ್ರೇಟಿನ ಮೇಲಿನ ಸಾಲಿನ ಹಣ್ಣು ನೋಡಿ ಕೂಗಿದ ಹಾಗಾಯಿತು. ನಿಮ್ಮ ಮಂಡಿಯಲ್ಲಿ ಹಾಗೆ ಯಾರಾದರೂ ಕೊಳ್ಳುತ್ತಾರಾ?

ನಾನೂ ಓಕೆ ಒತ್ತಿದೆ. ಅದು ಸೋರ್ಸ್‌ನಿಂದ ಬಿಲ್ಡ್ ಮಾಡಿತು, ಪ್ಯಾಮ್ (ಲಿನಕ್ಸ್‌ನಲ್ಲಿ ಲಾಗಿನ್ ತಪಾಸಣೆ ಮಾಡುವ ಭಾಗ) ಸೇರಿಸದೆ. ನಮ್ಮ ಖಾತೆಗಳೆಲ್ಲ ಕೀ ಫೈಲಿನ ಮೇಲೆ ನಡೆಯುವಂಥವು, ಪಾಸ್‌ವರ್ಡ್ ಇಟ್ಟೇ ಇರಲಿಲ್ಲ. ಪಾಸ್‌ವರ್ಡ್ ಇಡುವ ಶ್ಯಾಡೋ ಫೈಲಿನಲ್ಲಿ ಆ ಜಾಗದಲ್ಲಿ ಬರೀ ಒಂದು ಆಶ್ಚರ್ಯಚಿಹ್ನೆ. ಪ್ಯಾಮ್ ಇದ್ದಾಗ ಅದರಿಂದ ಏನೂ ತಕರಾರಿಲ್ಲ. ಪ್ಯಾಮ್ ಇಲ್ಲದಿದ್ದರೆ ಖಾತೆಗೆ ಬೀಗ ಬಿದ್ದಿದೆ ಅಂತ ತಿಳಿದು, ಕೀ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ನಾನೋ, ಎಲ್ಲ ಹಸಿರು ಟಿಕ್ ಕಂಡ ಖುಷಿಯಲ್ಲಿ ತೆರೆದಿದ್ದ ಒಂದು ಲಾಗಿನ್ ಸೆಷನ್ನೂ ಮುಚ್ಚಿದ್ದೆ. ರಾತ್ರಿ ಒಂದೂವರೆಗೆ ಕ್ಯಾತ್ಸಂದ್ರದಿಂದ ಬೈಕ್ ಹತ್ತಿ, ಸಿರಾ ಕಡೆ ಹೋಗುವ ಲಾರಿಗಳ ಮಧ್ಯೆ ನುಗ್ಗಿಕೊಂಡು ಹೋದೆ. ಸೆಕ್ಯೂರಿಟಿಯವರು ಗೇಟ್ ತೆಗೆಯಲು ಅರ್ಧ ಗಂಟೆ. ಮಾನಿಟರ್ ಸಿಕ್ಕಿತು, ಕೀಬೋರ್ಡ್ ಇಲ್ಲ. ಕೊನೆಗೆ ವೇಬ್ರಿಡ್ಜ್ ರೂಮಿನಿಂದ ಒಂದನ್ನು ಕಿತ್ತು ತಂದು, ಗ್ರಬ್‌ನಿಂದ (ಯಂತ್ರ ಶುರುವಾಗುವಾಗ ಬರುವ ಮೆನು) ರಿಕವರಿಗೆ ಹೋಗಿ ಹಳೇ ಪ್ಯಾಕೇಜ್ ವಾಪಸ್ ಹಾಕಿದೆ. ಇಷ್ಟೆಲ್ಲ ಆಗಿದ್ದು ಇಲ್ಲದ ರೋಗಕ್ಕೆ.

ಈಗ ನಾನು ಮಾಡುವುದು ಹೀಗೆ. ಏಜೆಂಟ್‌ಗೆ ಸ್ಕ್ಯಾನರ್ ರಿಪೋರ್ಟ್ ಒಂದನ್ನೇ ಕೊಡುವುದಿಲ್ಲ. ಡಿಪಿಕೆಜಿ ಕೊಡುವ, ಸರ್ವರಿನಲ್ಲಿರುವ ಪ್ಯಾಕೇಜ್‌ಗಳ ಪೂರ್ತಿ ಪಟ್ಟಿ ಬಾಲ ಸಮೇತ, ಯಾವ ಪೋರ್ಟ್ ಹೊರಗೆ ತೆರೆದಿದೆ, ಯಾವ ಸರ್ವೀಸ್ ಬಿದ್ದರೆ ಕೆಲಸ ನಿಲ್ಲುತ್ತದೆ, ಇದಿಷ್ಟೂ ಕೊಡುತ್ತೇನೆ. ಪ್ರತಿ ಸಾಲಿಗೂ ಉಬುಂಟು ಸೆಕ್ಯೂರಿಟಿ ನೋಟಿಸ್ ಜೊತೆ ತಾಳೆ ನೋಡು ಅನ್ನುತ್ತೇನೆ. ಆಮೇಲೂ ಅನುಮಾನ ಬಂದರೆ ಆಪ್ಟ್ ಚೇಂಜ್‌ಲಾಗ್‌ನಲ್ಲಿ (ಪ್ಯಾಕೇಜಿನಲ್ಲಿ ಏನೇನು ಬದಲಾಗಿದೆ ಅನ್ನೋ ಪಟ್ಟಿ) ಸಿವಿಇ ನಂಬರ್ ನಾನೇ ಹುಡುಕುತ್ತೇನೆ, ಎರಡು ನಿಮಿಷದ ಕೆಲಸ. ಅರ್ಧಕ್ಕರ್ಧ ಸಾಲು ಇಲ್ಲೇ ಉದುರಿಹೋಗುತ್ತವೆ.

ಸಿವಿಎಸ್‌ಎಸ್ ಒಂದನ್ನೇ ಹಿಡಿದು ಯಾವುದು ಮೊದಲು ಅಂತ ತೀರ್ಮಾನಿಸಬೇಡಿ. ಅದು ಏಟು ಬಿದ್ದರೆ ಎಷ್ಟು ಜೋರು ಅಂತ ಹೇಳುತ್ತದೆ, ಏಟು ಬೀಳುತ್ತದೋ ಇಲ್ಲವೋ ಅಂತಲ್ಲ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರ ನವೆಂಬರ್‌ನಿಂದ ನಡೆಸುತ್ತಿರುವ ಕೆಇವಿ ಪಟ್ಟಿ ಇದೆ, ನಿಜವಾಗಿ ದಾಳಿಗೆ ಬಳಕೆಯಾದವು ಮಾತ್ರ ಅದರಲ್ಲಿರುತ್ತವೆ. ಅದರಲ್ಲಿದ್ದು, ಹೊರಗೂ ತೆರೆದಿದ್ದರೆ ಅದೇ ಮೊದಲು. ಆಮೇಲೆ ಇಪಿಎಸ್‌ಎಸ್, ಅಂದರೆ ಮುಂದಿನ 30 ದಿನದಲ್ಲಿ ದಾಳಿಯಾಗುವ ಸಾಧ್ಯತೆ. ಇಂಟರ್ನೆಟ್ಟೇ ಕಾಣದ ಪ್ರಿಂಟ್ ಸರ್ವರಿನ 9.8 ಅಂಕ ಮುಂದಿನ ವಾರಕ್ಕೆ ಕಾಯಲಿ. ಆದರೆ ಪಟ್ಟಿಯಲ್ಲಿಲ್ಲ ಅಂತ ಸುಮ್ನೆ ಕೂರಲೂಬೇಡಿ, ಹೊಸ ತೂತು ಪಟ್ಟಿಗೆ ಬರುವ ಮೊದಲೇ ಮನೆಗೆ ಬಂದಿರಬಹುದು.

ಸುಡೋ ವಿಷಯ. ಕೊಡಬೇಡಿ, ಅಷ್ಟೇ. ಏಜೆಂಟ್ ಓದುವ ಲಾಗ್ ಫೈಲಿನಲ್ಲಿ (ಸರ್ವರಿನ ದಿನಚರಿ) ಹೊರಗಿನವರು ಬರೆಸಿದ ಸಾಲೂ ಇರುತ್ತದೆ. ಅದನ್ನೇ ಅಪ್ಪಣೆ ಅಂತ ಪಾಲಿಸಿಬಿಟ್ಟರೆ? ಪ್ಲ್ಯಾನ್ ಬರೆಯಲಿ, ಆನ್ಸಿಬಲ್ ಪ್ಲೇಬುಕ್ (ಸರ್ವರ್ ಕೆಲಸಗಳನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟ ಫೈಲ್) ಬರೆಯಲಿ, ಓದಿ ಓಡಿಸುವವರು ನೀವು. ಪ್ರತಿ ಹೆಜ್ಜೆಗೂ ಏನು ಕೆಡಬಹುದು, ಕೆಟ್ಟರೆ ವಾಪಸ್ ಹೇಗೆ ಅಂತ ಬರೆಸಿ. ಬರೆದಿಲ್ಲ ಅಂದರೆ ಆ ಹೆಜ್ಜೆಯೇ ಬೇಡ. ಸ್ನ್ಯಾಪ್‌ಶಾಟ್ (ಸರ್ವರಿನ ಆ ಕ್ಷಣದ ಪೂರ್ತಿ ನಕಲು) ತೆಗೆದು, ಎರಡನೇ ಎಸ್‌ಎಸ್‌ಎಚ್ ಸೆಷನ್ ತೆರೆದಿಟ್ಟೇ ಶುರುಮಾಡಿ. ಡೇಟಾಬೇಸ್‌ಗೆ ಬೇರೆ ಬ್ಯಾಕಪ್ ಬೇಕು, ಸ್ನ್ಯಾಪ್‌ಶಾಟನ್ನೇ ನಂಬಿ ಕೂರಬೇಡಿ.

ರಾತ್ರಿ 2 ಗಂಟೆ ಯಾಕೆ ಬ್ರದರ್? ಬೆಳಗಿನ ಜಾವಕ್ಕೇ ಲಾರಿ ಬರುತ್ತವೆ ಅಂತ ನೀವೇ ಬರೆದಿದ್ದೀರಿ. ಮಂಡಿ ಖಾಲಿಯಾದ ಮೇಲೆ ಸಂಜೆ ಮಾಡಿ, ಫೋನ್ ಮಾಡಿದರೆ ಎತ್ತುವವರು ಇರುತ್ತಾರೆ. ಯುಪಿಎಸ್ ಬ್ಯಾಟರಿ ನೋಡಿಕೊಳ್ಳಿ, ಕರ್ನಲ್ (ಉಬುಂಟುವಿನ ತಿರುಳು) ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಗೋಳು.

ಸ್ಕ್ಯಾನರ್ ಯಾವುದು ಅಂತ ಬರೆದಿಲ್ಲ ನೀವು. ಓಪನ್‌ವಾಸ್ ಆದರೆ ಲಾಗಿನ್ ಕೊಟ್ಟು ಸ್ಕ್ಯಾನ್ ಮಾಡಿ, ಹೊರಗಿನಿಂದ ಮಾಡಿದರೆ ಬ್ಯಾನರ್ ಕಥೆಯೇ. ಕಂಟೇನರ್‌ಗಳಿಗೆ (ಬೇಕಾದ್ದೆಲ್ಲ ಒಟ್ಟಿಗೆ ಕಟ್ಟಿಟ್ಟ ಆ್ಯಪ್ ಡಬ್ಬಿಗಳು) ನನಗೆ ಟ್ರಿವಿ ಅನ್ನೋ ಸ್ಕ್ಯಾನರ್ ಇಷ್ಟ. ಫಿಕ್ಸ್ ಇನ್ನೂ ಬಂದಿಲ್ಲದವನ್ನು ಬದಿಗಿಡುವ ಆಯ್ಕೆ ಅದರಲ್ಲಿದೆ. ಬದಿಗಿಟ್ಟಿದ್ದನ್ನು ಮರೆಯಬೇಡಿ ಮಾತ್ರ.

ಇನ್ನೊಂದು, ಏಜೆಂಟ್ "ಮುಗಿಯಿತು" ಅಂದರೆ ನಂಬಬೇಡಿ. ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಹೊಸದಾದರೂ, ಅದನ್ನು ಬಳಸುವ ವೆಬ್ ಸರ್ವರ್ ಎನ್‌ಜಿನೆಕ್ಸ್ ರೀಸ್ಟಾರ್ಟ್ ಆಗುವವರೆಗೆ ಮೆಮೊರಿಯಲ್ಲಿ ಹಳೆಯದೇ ಕೂತಿರುತ್ತದೆ. ಯಾವುದಕ್ಕೆ ರೀಸ್ಟಾರ್ಟ್ ಬೇಕು ಅಂತ ಹೇಳುವ ನೀಡ್‌ರೀಸ್ಟಾರ್ಟ್ ಓಡಿಸಿ ನೋಡಿ. ಜಾವಾದ ಲಾಗ್4ಜೆ ಲೈಬ್ರರಿಯ ದೋಷ ನೆನಪಿದೆಯಲ್ವಾ? 2021ರ ಡಿಸೆಂಬರ್‌ನಲ್ಲಿ 2.15 ಹಾಕಿ ನಿಟ್ಟುಸಿರು ಬಿಟ್ಟವರು 2.16, 2.17 ಅಂತ ತಿಂಗಳಿಡೀ ಹಾಕಿದ್ದೇ ಹಾಕಿದ್ದು. ಮೂರು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ.

ಶನಿವಾರ ತಾನೇ ಓಡಲಿ ಅಂತ ಇಟ್ಟ ಆ ಕ್ರಾನ್ ಸಾಲನ್ನು ಇವತ್ತೇ ತೆಗೆಯಿರಿ. ಡಿಪಿಕೆಜಿ ಪಟ್ಟಿಯನ್ನು ಐಪಿ, ಹೋಸ್ಟ್‌ನೇಮ್ ಅಳಿಸಿ ಇಲ್ಲೇ ಹಾಕಿ, ರಾತ್ರಿ ಊಟ ಆದ ಮೇಲೆ ಕೂತು ನೋಡುತ್ತೇನೆ.