ಗ್ರಂಥಪಾಲಕರಿಗೆ ನಾಯಕತ್ವದ ಪಾಠ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಕಾಲೇಜೊಂದರ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಗ್ರಂಥಾಲಯ ಆಡಳಿತದ ಪಾಠವನ್ನು ವಾರಕ್ಕೆ ಎರಡು ದಿನ ಮಾಡಲು ಒಪ್ಪಿಕೊಂಡಿದ್ದೇನೆ. ಆಡಳಿತ ಚಿಂತಕ ಫಯೋಲ್ ಹೇಳಿದ 14 ತತ್ವಗಳನ್ನೂ, ಯೋಜನೆಯಿಂದ ಬಜೆಟ್‌ವರೆಗಿನ ಆಡಳಿತದ ಏಳು ಕೆಲಸಗಳನ್ನು ಹೆಸರಿಸುವ ಗುಲಿಕ್‌ನ ‘ಪೋಸ್ಡ್‌ಕಾರ್ಬ್’ ಸೂತ್ರವನ್ನೂ ಇವರು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ಆದರೆ ಹೆಚ್ಚುವರಿ ಅನುದಾನ ಕೇಳಿ ಪ್ರಾಂಶುಪಾಲರಿಗೊಂದು ಪತ್ರ ಬರೆಯಿರಿ ಎಂದರೆ ಮೊದಲ ಸಾಲಿನಲ್ಲೇ ಪೆನ್ನು ನಿಲ್ಲುತ್ತದೆ. ಮುಂದೆ ದೊಡ್ಡ ಗ್ರಂಥಾಲಯಗಳ ನಿರ್ದೇಶಕರಾಗಬೇಕಾದ ಇವರಿಗೆ ನಾಯಕತ್ವವನ್ನು ಕಲಿಸಲು ಸಾಧ್ಯವೇ, ಅಥವಾ ಅದು ಹುಟ್ಟಿನಿಂದಲೇ ಬರಬೇಕೇ?
– ಓದುಗರು, ಕುಂಬಳೆ

ಉತ್ತರ: ಹುಟ್ಟುಗುಣದ ವಾದ ಮಾಡುವವರು ನಮ್ಮ ಕ್ಷೇತ್ರದಲ್ಲಿ, ಭಾರತದ ಗ್ರಂಥಾಲಯ ವಿಜ್ಞಾನದ ಜನಕರೆನಿಸಿದ ಎಸ್. ಆರ್. ರಂಗನಾಥನ್ ಅವರ ಹೆಸರನ್ನೇ ಮುಂದಿಡುತ್ತಾರೆ. ಅವರ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. 1917ರಲ್ಲಿ ಅವರು ಕೆಲಸಕ್ಕೆ ಸೇರಿದ್ದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಗಣಿತದ ಅಧ್ಯಾಪಕರಾಗಿ. ಆಗ ಮಂಗಳೂರೂ ನಿಮ್ಮ ಕುಂಬಳೆಯಿರುವ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾದಾಗ ಅವರಿಗೆ ಆ ಕೆಲಸದಲ್ಲಿ ಯಾವ ತರಬೇತಿಯೂ ಇರಲಿಲ್ಲ. ಮಾತನಾಡಿಸುವವರಿಲ್ಲದ ಆ ಜಾಗದಲ್ಲಿ ಕೂರಲಾರದೆ ಅವರು ಕೆಲವೇ ದಿನಗಳಲ್ಲಿ ತರಗತಿಗೆ ಮರಳಿಸಿರೆಂದು ಬೇಡಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಈ ಕೆಲಸವನ್ನು ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬ ಉತ್ತರ ಸಿಕ್ಕಿತು. ಅಲ್ಲಿ ಅವರು ಪಾಠ ಕೇಳಿದ್ದಷ್ಟೇ ಅಲ್ಲ, ಕ್ರಾಯ್ಡನ್ ನಗರದ ಗ್ರಂಥಾಲಯ ನಡೆಸುತ್ತಿದ್ದ ಬರ್ವಿಕ್ ಸೇಯರ್ಸ್ ಅವರ ಬಳಿ ಕೆಲಸವನ್ನು ನೋಡಿ ಕಲಿತರು, ಊರೂರು ಸುತ್ತಿ ಗ್ರಂಥಾಲಯಗಳನ್ನು ನೋಡಿದರು. 1925ರಲ್ಲಿ ಮರಳಿದವರು ತೆರೆದಿರುವ ಸಮಯವನ್ನು ಹೆಚ್ಚಿಸಿದರು, ಕಪಾಟುಗಳನ್ನು ಓದುಗರಿಗೆ ಬಿಟ್ಟುಕೊಟ್ಟರು, 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಕಟ್ಟಿದರು, ಮರುವರ್ಷ ತರಬೇತಿ ಶಾಲೆ ಆರಂಭಿಸಿದರು. ಓಡಿಹೋಗಲು ಹೊರಟಿದ್ದ ಮನುಷ್ಯನ ಬಗ್ಗೆ ನಾವು ಮಾತನಾಡುತ್ತಿದ್ದೇವೆ. (1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆ ಇದ್ದವರೂ ಅವರೇ, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಾಗ ನಮ್ಮ ಕಾಸರಗೋಡು ಅದೇ ಕಾಯಿದೆಯ ಕೆಳಗಿತ್ತು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ.)

ಆದ್ದರಿಂದ ಕಲಿಸಲು ಸಾಧ್ಯ, ಆದರೆ ವ್ಯಾಖ್ಯೆಗಳ ಮೂಲಕವಲ್ಲ. ದುಡ್ಡು, ಜನ, ಗಡುವು ಈ ಮೂರೂ ಇರುವ ಒಂದು ಸಣ್ಣ ತೀರ್ಮಾನವನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು, ತಪ್ಪಿದರೆ ಹಿಡಿಯಲು ನೀವು ಪಕ್ಕದಲ್ಲಿರಬೇಕು.

ನೀವು ಕುಂಬಳೆಯವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ, ವೇಷವಿಲ್ಲದೆ ಕೂತು ಪದ್ಯಕ್ಕೆ ಸ್ಥಳದಲ್ಲೇ ಮಾತು ಕಟ್ಟಿ ‘ಅರ್ಥ’ ಹೇಳುವ ತಾಳಮದ್ದಳೆಯೆಂದರೇನೆಂದು ನಾನು ವಿವರಿಸಬೇಕಿಲ್ಲ. ಒಂದು ತರಬೇತಿ ಶಿಬಿರದಲ್ಲಿ ನಾನು ಬಜೆಟ್ ಸಭೆಯನ್ನು ಸಂಧಾನದ ಪ್ರಸಂಗದಂತೆ ಮಾಡಿಸಿದೆ. ಒಬ್ಬಳು ಗ್ರಂಥಪಾಲಕಿ, ಎದುರಿಗೆ ಲೆಕ್ಕಪತ್ರ ವಿಭಾಗದ ಅಧಿಕಾರಿ, ಬದಿಗಳಲ್ಲಿ ಪ್ರಾಂಶುಪಾಲರು ಮತ್ತು ಒಬ್ಬ ಹಿರಿಯ ಅಧ್ಯಾಪಕರು. ಯಾರ ಕೈಯಲ್ಲೂ ಬರೆದ ಮಾತಿಲ್ಲ. ಮೂರು ಲಕ್ಷ ರೂಪಾಯಿಯ ಬೇಡಿಕೆ, ಎರಡು ಲಕ್ಷದ ಅನುದಾನ, ಚಂದಾ ಮುಗಿಯುತ್ತಿರುವ ನಿಯತಕಾಲಿಕಗಳ ಪಟ್ಟಿ, ಇಷ್ಟೇ ಪದ್ಯ. ಮೊದಲ ಹತ್ತು ನಿಮಿಷ ಎಲ್ಲರೂ ನಕ್ಕರು. ಆಮೇಲೆ ಲೆಕ್ಕಾಧಿಕಾರಿಯ ಅರ್ಥ ಹೇಳುತ್ತಿದ್ದ ಹುಡುಗ, ಹಿಂದಿನ ವರ್ಷ ಕೊಂಡ ಪುಸ್ತಕಗಳಲ್ಲಿ ಒಮ್ಮೆಯೂ ಹೊರಹೋಗದವು ಎಷ್ಟೆಂದು ತಣ್ಣಗೆ ಕೇಳಿದ. ಗ್ರಂಥಪಾಲಕಿಯ ಪಾತ್ರದವಳ ಬಳಿ ಉತ್ತರವಿರಲಿಲ್ಲ. ಆ ಮೌನ ಯಾವ ಪಾಠಪುಸ್ತಕದಲ್ಲೂ ಸಿಗುವಂಥದ್ದಲ್ಲ.

ಈ ಅಭ್ಯಾಸದಲ್ಲಿ ಒಂದು ನಿಯಮವನ್ನು ಮಾತ್ರ ಸಡಿಲಿಸಬೇಡಿ: ಮರುದಿನ ಪಾತ್ರಗಳು ಅದಲುಬದಲಾಗಬೇಕು. ಕೌರವನ ಅರ್ಥ ಹೇಳುವವನು ಕೌರವನ ಪಕ್ಷಕ್ಕೆ ಪೂರ್ತಿ ನ್ಯಾಯ ಕೊಡದಿದ್ದರೆ ಕೂಟ ರಂಗೇರುವುದಿಲ್ಲ ಎಂಬುದು ನಮ್ಮ ಕಡೆಯ ಸಾಮಾನ್ಯ ಪ್ರೇಕ್ಷಕನಿಗೂ ಗೊತ್ತು. ಹಣ ಕೊಡಲಾರೆನೆನ್ನುವ ಅಧಿಕಾರಿಯ ಕುರ್ಚಿಯಲ್ಲಿ ಒಮ್ಮೆ ಕೂತೆದ್ದ ವಿದ್ಯಾರ್ಥಿ ಮುಂದಿನ ಪತ್ರವನ್ನು ಬರೆಯುವ ರೀತಿಯೇ ಬದಲಾಗುತ್ತದೆ. ಅದರಲ್ಲಿ ಗೋಗರೆತ ಕಡಿಮೆಯಾಗಿ ಅಂಕಿಅಂಶ ಹೆಚ್ಚಾಗುತ್ತದೆ.

ಎರಡನೆಯದಾಗಿ, ನಿಯಮಗಳನ್ನು ಹೆದರಿಸುವುದಕ್ಕಾಗಿ ಅಲ್ಲ, ಧೈರ್ಯ ಕೊಡುವುದಕ್ಕಾಗಿ ಓದಿಸಿ. ನಮ್ಮಲ್ಲಿ ಎಷ್ಟೋ ಗ್ರಂಥಾಲಯಗಳ ಕಪಾಟಿಗೆ ಬೀಗ ಬಿದ್ದಿರುವುದಕ್ಕೆ ಕಾರಣ ಗ್ರಂಥಪಾಲಕರ ಜಿಪುಣತನವಲ್ಲ, ಕಳೆದ ಪುಸ್ತಕದ ಬೆಲೆ ತಮ್ಮ ಸಂಬಳದಿಂದ ಹೋದೀತೆಂಬ ಭಯ. ಕೇಂದ್ರ ಸರಕಾರದ ಸಂಸ್ಥೆಗಳಿಗೆ ಅನ್ವಯಿಸುವ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ಅದರ ಪ್ರಕಾರ 20,000ದವರೆಗಿನ ಪುಸ್ತಕಗಳಿದ್ದರೆ ಪ್ರತಿ ವರ್ಷ, 50,000ದವರೆಗಿದ್ದರೆ ಮೂರು ವರ್ಷಕ್ಕೊಮ್ಮೆಯಾದರೂ ಎಣಿಕೆ ಆಗಬೇಕು, ಅದಕ್ಕಿಂತ ಹೆಚ್ಚಿದ್ದರೆ ಮಾದರಿ ಎಣಿಕೆ ಸಾಕು. ಅದಕ್ಕಿಂತಲೂ ಮುಖ್ಯವಾದ ಸಂಗತಿ ಮುಂದಿದೆ: ಒಂದು ವರ್ಷದಲ್ಲಿ ಎರವಲು ಹೋದ ಮತ್ತು ಅಲ್ಲಿಯೇ ಬಳಸಲ್ಪಟ್ಟ ಪ್ರತಿ 1,000 ಪುಸ್ತಕಗಳಿಗೆ ಐದು ಕಳೆದುಹೋದರೆ, ಅದರಲ್ಲಿ ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇಲ್ಲದಿದ್ದಲ್ಲಿ, ಆ ನಷ್ಟವನ್ನು ಸಹಜವೆಂದು ಒಪ್ಪಬಹುದು. ವರ್ಷಕ್ಕೆ 12,000 ಬಳಕೆಯಿದ್ದರೆ 60 ಪುಸ್ತಕ. ಬಳಕೆ ಹೆಚ್ಚಿದಷ್ಟೂ ರಿಯಾಯಿತಿಯೂ ಹೆಚ್ಚುತ್ತದೆ, ಬೀಗ ಹಾಕಿಟ್ಟವನಿಗೆ ಅದು ಇಲ್ಲ. ಹೆಚ್ಚು ಬೆಲೆಯ ಹಾಗೂ ಅಪರೂಪದ ಪುಸ್ತಕಗಳ ವಿಷಯ ಬೇರೆ, ಅವು ಕಳೆದರೆ ತನಿಖೆ ಆಗಲೇಬೇಕು.

ಮೂರನೆಯದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ನಾನು ಸಂಸ್ಥೆಯೊಂದರಲ್ಲಿ ಗ್ರಂಥಾಲಯದ ಮುಖ್ಯಸ್ಥನಾದ ಮೊದಲ ದಿನ ನನಗೆ ಕೊಟ್ಟದ್ದು ಬೀಗದ ಕೈಗಳ ಒಂದು ಗೊಂಚಲು ಮತ್ತು ಅಕ್ಸೆಶನ್ ರಿಜಿಸ್ಟರುಗಳ, ಅಂದರೆ ಬಂದ ಪುಸ್ತಕಗಳನ್ನು ದಾಖಲಿಸುವ ಪುಸ್ತಕಗಳ, ಕಟ್ಟು. ಹಣದ ವಿಷಯವನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಫೆಬ್ರವರಿಯ ಕೊನೆಯಲ್ಲಿ ಕೊಟೇಶನ್ ಕರೆದೆ. ಪುಸ್ತಕ ಸಮಿತಿ ಸೇರಿದ್ದು ಮಾರ್ಚ್ ಮಧ್ಯದಲ್ಲಿ. ಮಂಗಳೂರಿನಿಂದ ಪುಸ್ತಕದ ಪೆಟ್ಟಿಗೆಗಳು ಬಂದಿಳಿದದ್ದು ಏಪ್ರಿಲ್ ಎರಡನೆಯ ವಾರದಲ್ಲಿ. ಅಷ್ಟರಲ್ಲಿ ಅನುದಾನ ವಾಪಸು ಹೋಗಿತ್ತು. ಬಿಲ್ಲನ್ನು ಮುಂದಿನ ವರ್ಷದ ಲೆಕ್ಕಕ್ಕೆ ಹಾಕಿಸಲು ನಾನು ಆರು ತಿಂಗಳು ಮೇಜಿನಿಂದ ಮೇಜಿಗೆ ಅಲೆದೆ. ಜುಲೈಯಲ್ಲಿ ಪಟ್ಟಿ, ಸೆಪ್ಟೆಂಬರಿನಲ್ಲಿ ಸಮಿತಿ, ಡಿಸೆಂಬರಿನೊಳಗೆ ಆರ್ಡರು ಎಂಬ ಮೂರು ಸಾಲನ್ನು ಯಾರಾದರೂ ನನಗೆ ಮೊದಲೇ ಬರೆದುಕೊಟ್ಟಿದ್ದರೆ ಆ ವರ್ಷ ಉಳಿಯುತ್ತಿತ್ತು. ನಿಮ್ಮ ಪ್ರತಿ ವಿದ್ಯಾರ್ಥಿಯೂ ಏಪ್ರಿಲಿನಿಂದ ಮಾರ್ಚಿನವರೆಗಿನ ಇಂಥ ಒಂದು ಪಂಚಾಂಗವನ್ನು ಯಾವುದಾದರೂ ನಿಜವಾದ ಗ್ರಂಥಾಲಯಕ್ಕೆ ಹೋಗಿ ಕೂತು ತಯಾರಿಸಲಿ. ಫಯೋಲ್ ಒಂದು ವಾರ ಕಾದರೆ ನಷ್ಟವಿಲ್ಲ.

ಪ್ರಶ್ನೆ: ನಾನು ಗ್ರಂಥಾಲಯ ವಿಜ್ಞಾನ ಓದುತ್ತಲೇ ನಮ್ಮೂರ ವಾಚನಾಲಯದಲ್ಲಿ ಗ್ರಂಥಪಾಲಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಮಕ್ಕಳಿಗೆ ಕನ್ನಡ ಪುಸ್ತಕಗಳನ್ನು ತರಿಸಬೇಕೆಂದು ಎರಡು ಸಲ ಕೇಳಿದೆ. ಕಾರ್ಯದರ್ಶಿಯವರು ನನ್ನ ತಂದೆಯ ವಯಸ್ಸಿನವರು. ‘ಕನ್ನಡ ಓದುವ ಮಕ್ಕಳು ಈಗ ಎಲ್ಲಿದ್ದಾರೆ?’ ಎಂದು ಕೇಳಿ ನಗುತ್ತಾರೆ. ನನಗೆ ಅಧಿಕಾರವೇ ಇಲ್ಲದ ಮೇಲೆ ನಾಯಕತ್ವದ ಪಾಠ ಓದಿ ಏನು ಪ್ರಯೋಜನ?
– ಓದುಗರು, ಪೆರ್ಲ

ಉತ್ತರ: ಅಧಿಕಾರ ಸಿಕ್ಕಿದ ಮೇಲೆ ಕಲಿಯುತ್ತೇನೆಂದವರು ಕಲಿತದ್ದನ್ನು ನಾನು ಕಂಡಿಲ್ಲ. ನಿಮ್ಮ ಕಾರ್ಯದರ್ಶಿಯವರ ಪ್ರಶ್ನೆಯನ್ನು ಅಣಕವೆಂದು ತೆಗೆದುಕೊಳ್ಳದೆ ಪ್ರಶ್ನೆಯೆಂದೇ ತೆಗೆದುಕೊಳ್ಳಿ. ಅದಕ್ಕೆ ಉತ್ತರ ನಿಮ್ಮ ಬಳಿ ಈಗ ಇಲ್ಲ, ನಿಮ್ಮ ಮೇಜಿನ ಮೇಲೆ ಅದು ತಯಾರಾಗಬೇಕು.

ನಲವತ್ತು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎರವಲು ರಿಜಿಸ್ಟರಿನಲ್ಲಿ ಕೊಟ್ಟ ಪುಸ್ತಕಗಳು ಮಾತ್ರ ದಾಖಲಾಗುತ್ತವೆ, ‘ಇಲ್ಲ’ ಎಂದು ಹೇಳಿ ಕಳುಹಿಸಿದ ಓದುಗರು ಎಲ್ಲಿಯೂ ದಾಖಲಾಗುವುದಿಲ್ಲ. ಈ ನೋಟ್‌ಬುಕ್ಕಿನಲ್ಲಿ ತಾರೀಕು, ಮಗುವಿನ ತರಗತಿ, ಕೇಳಿದ ಭಾಷೆ, ಕೇಳಿದ ಪುಸ್ತಕ ಅಥವಾ ವಿಷಯ, ಬರಿಗೈಯಲ್ಲಿ ಹೋದದ್ದು ಹೌದೋ ಅಲ್ಲವೋ ಎಂಬುದನ್ನು ಮೂರು ತಿಂಗಳು ತಪ್ಪದೆ ಬರೆಯಿರಿ. ಹತ್ತಿರದ ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕರನ್ನು ಕಂಡು ಒಂದು ಶನಿವಾರ ಮಕ್ಕಳನ್ನು ಕರೆತರಲು ವಿನಂತಿಸಿ; ಆ ದಿನದ ಪುಟ ತಾನಾಗಿಯೇ ತುಂಬುತ್ತದೆ. ಅಂಕಿ ಕಡಿಮೆ ಬಂದರೂ ಮುಚ್ಚಿಡಬೇಡಿ. ಕಾರ್ಯದರ್ಶಿಯವರ ಮಾತೇ ನಿಜವಾಗಿರುವ ಸಾಧ್ಯತೆಯೂ ಇದೆ. ಹಾಗಿದ್ದರೆ ನಿಮ್ಮ ಬೇಡಿಕೆ ನೂರು ಪುಸ್ತಕದಿಂದ ಹದಿನೈದಕ್ಕೆ ಇಳಿಯಬೇಕು.

ಅನಂತರ ನೇರವಾಗಿ ಸಮಿತಿಯ ಸಭೆಯಲ್ಲಿ ವಿಷಯ ಎತ್ತಬೇಡಿ. ಸಭೆಗೆ ಎರಡು ದಿನ ಮೊದಲು ಅವರ ಮನೆಗೆ ಹೋಗಿ, ಒಂದು ಹಾಳೆಯಲ್ಲಿ ಲೆಕ್ಕವನ್ನೂ ಇನ್ನೊಂದರಲ್ಲಿ ಪುಸ್ತಕಗಳ ಪಟ್ಟಿ ಹಾಗೂ ಬೆಲೆಯನ್ನೂ ತೋರಿಸಿ, ಸಭೆಯಲ್ಲಿ ಅವರೇ ಮಂಡಿಸಬಹುದೇ ಎಂದು ಕೇಳಿ. ಹಾಳೆಗಳು ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ಸಮಿತಿಯಲ್ಲಿ ಕನ್ನಡ ಬಾರದ ಸದಸ್ಯರು ಓದದೆ ಮಡಚಿಟ್ಟ ಹಾಳೆಗೆ ಬೆಂಬಲ ಸಿಗುವುದಿಲ್ಲ. ನಡಾವಳಿ ಪುಸ್ತಕದಲ್ಲಿ ಮೊತ್ತ ಮತ್ತು ತಿಂಗಳು ಬರೆದಿದೆಯೇ ಎಂದು ಆ ದಿನವೇ ನೋಡಿಕೊಳ್ಳಿ, ‘ಪರಿಗಣಿಸಲಾಯಿತು’ ಎಂದಷ್ಟೇ ಬರೆದ ನಿರ್ಣಯಕ್ಕೆ ಕಾಲಿಲ್ಲ. ಇದೆಲ್ಲ ಆಗುವ ಮೊದಲು ತಾಲೂಕು ಗ್ರಂಥಾಲಯ ಕೌನ್ಸಿಲಿಗೆ ದೂರು ಬರೆಯುವ ಆಸೆಯಾದರೆ ತಡೆದುಕೊಳ್ಳಿ. ದೂರಿನಿಂದ ಪುಸ್ತಕ ಬಂದೀತು, ಆದರೆ ಮರುವರ್ಷ ಅದೇ ಹಿರಿಯರ ಬಳಿ ಬಲ್ಬು ಬದಲಿಸಲು ಹಣ ಕೇಳಬೇಕಾದವರೂ ನೀವೇ.

ಪ್ರಶ್ನೆ: ನಿರ್ದೇಶಕ ಹುದ್ದೆಯ ಗುರಿ ಇರುವ ಗಡಿನಾಡಿನ ವಿದ್ಯಾರ್ಥಿ ಕೇರಳದ ವ್ಯವಸ್ಥೆಯನ್ನು ಕಲಿಯಬೇಕೇ, ಕರ್ನಾಟಕದ್ದನ್ನೇ? ಜತೆಗೆ ಎಂಬಿಎ ಮಾಡುವುದು ಅಗತ್ಯವೇ?
– ಓದುಗರು, ಹೊಸಂಗಡಿ

ಉತ್ತರ: ಎರಡನ್ನೂ ಕಲಿಯಬೇಕು, ಏಕೆಂದರೆ ಅವು ಎರಡು ಬಗೆಯ ನಾಯಕತ್ವವನ್ನು ಬೇಡುತ್ತವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಕೆಳಗೆ ಸರಕಾರದ ಒಂದು ಇಲಾಖೆಯಿದೆ, ಅದರ ತುದಿಯಲ್ಲಿ ನಿರ್ದೇಶಕರಿದ್ದಾರೆ. ಆದೇಶ ಮೇಲಿನಿಂದ ಕೆಳಗೆ ಹರಿಯುತ್ತದೆ. ಕೇರಳದಲ್ಲಿ ಚಳವಳಿ ಮೊದಲು ಹುಟ್ಟಿತು, ಕಾಯಿದೆ ಆಮೇಲೆ ಬಂತು. ಪಿ. ಎನ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ 1945ರಲ್ಲಿ 47 ಗ್ರಂಥಾಲಯಗಳು ಸೇರಿ ಕಟ್ಟಿದ ತಿರುವಾಂಕೂರಿನ ಸಂಘವೇ ಬೆಳೆದು, 1989ರ ಕಾಯಿದೆಯ ಮೂಲಕ ತಾಲೂಕು, ಜಿಲ್ಲೆ, ರಾಜ್ಯ ಎಂಬ ಮೂರು ಹಂತದ ಚುನಾಯಿತ ಕೌನ್ಸಿಲುಗಳಾದವು. ಇಲ್ಲಿ ಗ್ರಂಥಪಾಲಕ ಎಷ್ಟೇ ಓದಿದವನಿರಲಿ, ಊರಿನವರು ಆರಿಸಿದ ಸಮಿತಿಯನ್ನು ಒಪ್ಪಿಸದೆ ಒಂದು ಬೆಂಚನ್ನೂ ಸರಿಸಲಾರ. ನನ್ನ ಅಭಿಪ್ರಾಯದಲ್ಲಿ ಕಷ್ಟದ ಶಾಲೆ ಇದೇ, ಆದ್ದರಿಂದ ಕರ್ನಾಟಕದಲ್ಲಿ ಕೆಲಸ ಮಾಡಬಯಸುವವರೂ ಇಲ್ಲಿ ಒಂದು ವರ್ಷ ದುಡಿದು ಹೋದರೆ ಒಳ್ಳೆಯದು. ಎರಡು ಕಡೆಯೂ ಕಟ್ಟಡ ತೆರಿಗೆಯ ಜತೆ ಗ್ರಂಥಾಲಯಕ್ಕೆಂದು ಹಣ ವಸೂಲಾಗುತ್ತದೆ. ವಸೂಲಾದದ್ದು ಸ್ಥಳೀಯ ಸಂಸ್ಥೆಯ ಖಾತೆಯಿಂದ ಗ್ರಂಥಾಲಯದ ಖಾತೆಗೆ ಯಾವಾಗ, ಯಾರ ಸಹಿಯಿಂದ ಬರುತ್ತದೆ ಎಂಬುದನ್ನು ಕಲಿಯಲು ನಿಮ್ಮ ಪಂಚಾಯತ್ ಕಚೇರಿಗೆ ಹೋಗಿ ಒಂದು ಪೂರ್ವಾಹ್ನ ಕೂತರೆ ಸಾಕು.

ಎಂಬಿಎ ಬೇಡ. ರಂಗನಾಥನ್ 1935ರಷ್ಟು ಹಿಂದೆಯೇ ಗ್ರಂಥಾಲಯದ ಆಡಳಿತದ ಬಗ್ಗೆ ದೊಡ್ಡ ಗ್ರಂಥವೊಂದನ್ನು ಬರೆದು, ದಿನನಿತ್ಯದ ಕೆಲಸವನ್ನು ಬಿಡಿಬಿಡಿಯಾಗಿ ವಿಂಗಡಿಸಿ ತೋರಿಸಿದ್ದರು. ಎಂಬಿಎ ಶುಲ್ಕದ ಹಣ ಉಳಿದರೆ ಮಲಯಾಳದಲ್ಲಿ ಕಚೇರಿ ಪತ್ರ ಬರೆಯಲು ಕಲಿಸುವವರನ್ನು ಹುಡುಕಿಕೊಳ್ಳಿ.