ಕಡಲಿಗೆ ಬಿದ್ದ ವಿಮಾನಗಳ ಲೆಕ್ಕ

ಪ್ರಶ್ನೆ: 1940ರಲ್ಲಿ ಇಂಗ್ಲೆಂಡ್-ಫ್ರಾನ್ಸ್ ನಡುವಿನ ಕಿರುಗಡಲಾದ ಇಂಗ್ಲಿಷ್ ಕಾಲುವೆಯ ಮೇಲೆ ಬ್ರಿಟನ್ನಿಗೂ ಜರ್ಮನಿಗೂ ನಡೆದ ವಾಯುಯುದ್ಧದಲ್ಲಿ ಕೆಡವಿದ ವಿಮಾನಗಳ ಸಂಖ್ಯೆ ಒಂದೊಂದು ಕಡೆ ಒಂದೊಂದು ರೀತಿ ಇರುವುದೇಕೆ?
– ಓದುಗರು, ಶಿವಮೊಗ್ಗ

ಉತ್ತರ: ಸೆಪ್ಟೆಂಬರ್ 15ರ ಒಂದೇ ದಿನ 185 ಜರ್ಮನ್ ವಿಮಾನಗಳನ್ನು ಕೆಡವಿದ್ದೇವೆಂದು ಬ್ರಿಟನ್ ಪ್ರಕಟಿಸಿತು, ಯುದ್ಧಾನಂತರ ಜರ್ಮನ್ ದಾಖಲೆಗಳನ್ನು ತಾಳೆ ನೋಡಿದಾಗ ಸಿಕ್ಕಿದ್ದು ಸುಮಾರು 60 ಮಾತ್ರ. ಇದನ್ನು ಬರಿಯ ಸುಳ್ಳೆನ್ನುವುದು ನ್ಯಾಯವಲ್ಲ. ಒಂದೇ ಬಾಂಬರಿನ ಮೇಲೆ ಮೂರು ನಾಲ್ಕು ಪೈಲಟ್‌ಗಳು ಕೆಲವೇ ಕ್ಷಣಗಳ ಅಂತರದಲ್ಲಿ ಗುಂಡು ಹಾರಿಸಿ, ಅದು ಹೊಗೆಯುಗುಳುತ್ತ ಮೋಡದೊಳಗೆ ಇಳಿದದ್ದನ್ನು ಕಂಡು, ಪ್ರತಿಯೊಬ್ಬರೂ ಪ್ರಾಮಾಣಿಕವಾಗಿಯೇ ಅದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದರು. ಆಗ್ನೇಯ ಇಂಗ್ಲೆಂಡಿನ ಕೆಂಟ್ ಪ್ರದೇಶದ ಹೊಲಗಳಲ್ಲಿ ಬಿದ್ದ ಅವಶೇಷಗಳನ್ನು ಎಣಿಸಬಹುದಿತ್ತು, ಕಡಲಿಗೆ ಬಿದ್ದುದನ್ನು ಎಣಿಸುವವರಾರು? ಜರ್ಮನರ ಎಣಿಕೆಯೂ ಹೀಗೆಯೇ ಉಬ್ಬಿತ್ತು. ಬ್ರಿಟನ್ನಿನ ಯುದ್ಧವಿಮಾನಗಳು ಮುಗಿಯುತ್ತ ಬಂದಿವೆಯೆಂದು ಅವರು ನಂಬಲು ಅದೂ ಒಂದು ಕಾರಣ.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಕಡಲಿಗೆ ಬಿದ್ದ ಪೈಲಟ್‌ಗಳ ಗತಿ. ಜರ್ಮನರಿಗೆ ನೀರಿನ ಮೇಲಿಳಿಯುವ ಹೈಂಕೆಲ್ 59 ರಕ್ಷಣಾ ವಿಮಾನಗಳಿದ್ದವು. ಅವರ ಪೈಲಟ್‌ಗಳ ಬಳಿ ಗಾಳಿ ತುಂಬುವ ಪುಟ್ಟ ದೋಣಿಯೂ, ಸುತ್ತಲಿನ ನೀರಿಗೆ ಹೊಳೆವ ಬಣ್ಣ ಕೊಡುವ ಪುಡಿಯೂ ಇರುತ್ತಿದ್ದವು. ಬ್ರಿಟಿಷ್ ಪೈಲಟ್‌ಗಳಿಗಾದರೋ ಆ ಬೇಸಿಗೆಯಲ್ಲಿ ತೇಲುಜಾಕೆಟ್ ಬಿಟ್ಟರೆ ಹೆಚ್ಚೇನೂ ಇರಲಿಲ್ಲ, ಜೊತೆಗೆ ದಾರಿಹೋಕ ಹಡಗಿನ ಕಣ್ಣಿಗೆ ಬೀಳುವ ಅದೃಷ್ಟ ಬೇಕಿತ್ತು. ಪ್ರಾಣ ಉಳಿಸಿಕೊಂಡು ವಿಮಾನದಿಂದ ಜಿಗಿದವರೂ ತಣ್ಣೀರಿನಲ್ಲಿ ಸತ್ತರು. ಆಗ್ನೇಯ ಇಂಗ್ಲೆಂಡಿನ ರಕ್ಷಣೆಯ ಹೊಣೆ ಹೊತ್ತಿದ್ದ ಕೀತ್ ಪಾರ್ಕ್, ಶತ್ರುವನ್ನು ಅಟ್ಟಿಕೊಂಡು ಕಡಲ ಮೇಲೆ ದೂರ ಹೋಗಕೂಡದೆಂದು ತನ್ನ ಪೈಲಟ್‌ಗಳಿಗೆ ಆದೇಶಿಸಿದ್ದರ ಹಿಂದೆ ಈ ನಷ್ಟದ ನೋವಿತ್ತು.